ದಾಯಾದಿ ಮರಿ

ಜಫರ್ ತನ್ನ ಟವಲಿನಲ್ಲಿ ಏನನ್ನೋ ಸುತ್ತಿ ಎದೆಗೆ ಅವಚಿಕೊಂಡು ಬಂದಾಗ ಪುಟ್ಟತಾಯಮ್ಮ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಜಫರ್ ಪಾಂಡವಪುರದವನು. ಎದುರು ಹೊಲದ ಲೋಕೇಶನಿಗೆ ಕೃಷಿ ಹೊಂಡ ತೋಡಿಕೊಡಲು ಜೆಸಿಬಿ ತಂದಿದ್ದ. ದೇವಲಾಪುರದಾಚೆಯ ಆ ಬಾರೆಯ ಒಣದಿಬ್ಬದಲ್ಲಿ ಹತ್ತಿರಕ್ಕೆ ಇದ್ದದ್ದು ಇದೊಂದೇ ಮನೆ. ಹಾಗಾಗಿ ಬಂದ ದಿನದಿಂದ ಕುಡಿಯುವ ನೀರಿಗೂ ಮಧ್ಯಾಹ್ನದ ಮಜ್ಜಿಗೆಗೂ ಇಲ್ಲಿಗೇ ಬರುತ್ತಿದ್ದ.

"ಅವ್ವಾ, ನಿಮ್ ನಾಯಿ ಕೆಂಚಿ ಒಂದ್ ಮರೀನ ಕಲ್ಲುಗುಡ್ಡೆ ತಾವ ಬುಟ್ಬುಟ್ಟವಳೆ ನೋಡಿ. ಬಕೆಟ್ ಇಳಿಸ್ಬೇಕು ಅನ್ನೋವಷ್ಟರಲ್ಲಿ ಕಲ್ಲೊಳಗೆ ಏನೋ ಕುಯ್ ಅಂತು. ಇಂಜಿನ್ ಆಫ್ ಮಾಡಿ ಇಳಿದು ನೋಡ್ತೀನಿ, ಪಾಪ, ಬಚ್ಚಾ, ನಡುಗ್ತಾ ಕುಂತದೆ. ಇನ್ನೊಂದು ಚೂರು ತಡ ಆಗಿದ್ರೆ ನನ್ ಕೈಯಿಂದ್ಲೇ ಓಗ್ಬುಡೋದು."

ಪುಟ್ಟತಾಯಮ್ಮ ಮಡಿಲಿನ ಸಿಪ್ಪೆ ಕೊಡವಿ ಎದ್ದು ಟವಲು ಬಿಡಿಸಿದಳು. ಒಳಗೆ ಅಂಗೈಗಿಂತ ತುಸು ದೊಡ್ಡ ಮರಿ. ಮೈತುಂಬ ಕಪ್ಪುಗಂದು ತುಪ್ಪಳ, ಮೊಂಡು ಮೂತಿ, ಮೈಗೆ ಹೊಂದದಷ್ಟು ದಪ್ಪ ಕಾಲು. ಮಣ್ಣಿನ ಜೊತೆ ಬೇರೇನೋ ಒಂದು ಘಾಟು ವಾಸನೆ.

"ಇದು ನಂ ಕೆಂಚೀದಲ್ಲ ಕಣಪ್ಪ. ಅವಳ್ದು ಎಲ್ಡೇ ಉಳಿದಿರೋದು, ಎಲ್ಡೂ ರೊಪ್ಪದಲ್ಲೇ ಅವೆ."

"ಮತ್ತೆ ಯಾರ್ದು?"

"ಯಾವುದೋ ಬೀದಿ ನಾಯೀದಿರ್ಬೇಕು. ಪಾಪ, ಒಟ್ಟೆಗೇನೂ ಇಲ್ಲ, ಒಳ್ಳೆ ತಮಟೆ ಅಂಗಾಗೋಗದೆ."

ಅಷ್ಟರಲ್ಲಿ ಕುರಿ ರೊಪ್ಪದಿಂದ ಕೆಂಚಿಯೇ ಬಂದಳು. ಕೆಂಚಿ ಯಾರೂ ಆರಿಸಿ ತಂದ ನಾಯಿಯಲ್ಲ. ಒಂದು ಬೇಸಿಗೆಯಲ್ಲಿ ಪುಟ್ಟತಾಯಮ್ಮ ಕೆ.ಆರ್. ಪೇಟೆ ಕಡೆಯಿಂದ ಕುರಿ ಹೊಡೆದುಕೊಂಡು ಬರುವಾಗ ತಾನಾಗಿ ಹಿಂದೆ ಬಿದ್ದವಳು. ಕಲ್ಲು ಬೀಸಿದರೆ ಅಷ್ಟು ದೂರ ಓಡಿ ನಿಂತು, ಮತ್ತೆ ಅಷ್ಟೇ ದೂರ ಹಿಂದೆ ಬಂದು, ಕೊನೆಗೆ ಈ ಅಂಗಳದಲ್ಲಿ ಸುರುಳಿ ಸುತ್ತಿ ಮಲಗಿದವಳು. ಈಗ ಟವಲಿಗೆ ಮೂಗು ತಾಗಿಸಿದ ಕೂಡಲೇ ಅವಳ ಬೆನ್ನ ಮೇಲಿನ ಕೂದಲು ನೆಟ್ಟಗಾಯಿತು. ಗಂಟಲಲ್ಲಿ ಸಣ್ಣಗೆ ಗುರ್ ಎಂದಳು. ಮರಿಗೆ ಅದೇನೂ ತಿಳಿಯಲಿಲ್ಲ. ಹಾಲಿನ ವಾಸನೆ ಹಿಡಿದು ತೆವಳಿಕೊಂಡು ಬಂದು ಅವಳ ಹೊಟ್ಟೆಯ ಕೆಳಗೆ ತಲೆ ತೂರಿಸಿತು. ಕೆಂಚಿ ಒಂದು ಕಾಲೆತ್ತಿ ಹಾಗೇ ನಿಂತಳು. ಆಮೇಲೆ ತಲೆ ಎತ್ತಿ ಪುಟ್ಟತಾಯಮ್ಮನ ಮುಖ ನೋಡಿದಳು.

"ನನ್ಯಾಕೆ ನೋಡ್ತೀಯವ್ವ? ಇರ್ಲಿ ಬುಡು. ಒಂದು ಕೂಸು ಎಚ್ಚಾದ್ರೆ ಏನಾಯ್ತದೆ?"

ಕೆಂಚಿ ಉಸ್ಸೆಂದು ಅಲ್ಲೇ ಅಡ್ಡಾದಳು. ಮರಿ ಚಪ್ಪರಿಸುವ ಸದ್ದು ಕೇಳಿ ಜಫರ್ ಜಗುಲಿಯ ಕಂಬಕ್ಕೆ ಒರಗಿ ಕೂತು, "ಯಾ ಅಲ್ಲಾ, ಈಗ ಜೀವ ಬಂತು ನಂಗೆ" ಎಂದ.

ಗಂಡ ಮರಿಯಯ್ಯ ಆಗ ಊರಲ್ಲಿರಲಿಲ್ಲ. ಮಗಳು ಅರ್ಪಿತಳ ಮನೆಗೆ ಮಾಳಿಗೆ ಹಾಕಿಸುವ ಕೆಲಸವಿದ್ದುದರಿಂದ ಕೆ.ಆರ್. ಪೇಟೆಗೆ ಹೋಗಿದ್ದ. ಹಾಗಾಗಿ ಮೊದಲ ಕೆಲವು ದಿನ ಮೂರು ಮರಿಗಳ ಆಟ ನೋಡುವ ಸುಖ ಪುಟ್ಟತಾಯಮ್ಮನೊಬ್ಬಳದೇ ಆಗಿತ್ತು. ಹೊಸ ಮರಿ ಬೇಗ ತುಂಬಿಕೊಂಡಿತು. ಆದರೆ ಅದರ ರೀತಿಯೇ ಬೇರೆ. ಮುದ್ದೆಯನ್ನು ಹಾಲಲ್ಲಿ ಕಿವುಚಿ ಇಟ್ಟರೆ ಕೆಂಚಿಯ ಮರಿಗಳೆರಡೂ ಮೂತಿಗೆಲ್ಲ ಮೆತ್ತಿಕೊಂಡು ತಿನ್ನುತ್ತಿದ್ದವು. ಇದು ಮೂಸಿ, ಸೀನಿ, ಪಕ್ಕಕ್ಕೆ ಹೋಗುತ್ತಿತ್ತು. ಬಲವಂತವಾಗಿ ಬಾಯಿಗೆ ಸವರಿದ್ದಕ್ಕೆ ಒಂದು ದಿನ ಹೊಟ್ಟೆ ಕೆಡಿಸಿಕೊಂಡಿತು. ಅದೇ ಒಂದು ಕೋಳಿಯ ಕಾಲು ಸಿಕ್ಕಿದರೆ ಮೂಲೆಗೆ ಎಳೆದುಕೊಂಡು ಹೋಗಿ, ಇಷ್ಟುದ್ದದ ಜೀವ ಅಷ್ಟು ದೊಡ್ಡ ಗಂಟಲಲ್ಲಿ ಗುರುಗುಡುತ್ತಿತ್ತು. ಒಮ್ಮೆಯೂ ಬೊಗಳಲಿಲ್ಲ.

ಒಂದು ಬೆಳಿಗ್ಗೆ ಅಂಗಳದಲ್ಲಿ ರಾಗಿ ಹರವಬೇಕಿತ್ತು. ಮರಿಗಳು ತುಳಿದು ಹಾಕುತ್ತವೆಂದು ಮೂರನ್ನೂ ಸೇರಿಸಿ ಮೇಲೆ ಬಿದಿರಿನ ಮಂಕರಿ ಬುಟ್ಟಿ ಕವುಚಿದಳು. ಕೆಂಚಿಯ ಮರಿಗಳು ಒಂದೆರಡು ಸಲ ಕೆರೆದವು, ಆಗಲಿಲ್ಲ. ಕೂಡಲೇ ಮಂಕರಿಯ ಕಿಂಡಿಗೆ ಕಣ್ಣಿಟ್ಟು ಅವಳನ್ನು ಹುಡುಕಿ, ಅವಳ ಮುಖವನ್ನೇ ನೋಡುತ್ತ ಕುಂಯ್‌ಗುಟ್ಟತೊಡಗಿದವು. ತೆಗಿ ತಾಯಿ, ತೆಗಿ ಎಂದಂತಿತ್ತು. ಅವಳಿಗೆ ನಗು ಬಂತು. ಮೂರನೆಯದು ಮಾತ್ರ ಒಮ್ಮೆಯೂ ತಲೆ ಎತ್ತಲಿಲ್ಲ. ಒಂದೇ ಕಡೆ ನೆಲ ಕೆರೆಯಿತು, ಬಿದಿರು ಕಡಿಯಿತು, ಮತ್ತೆ ಕೆರೆಯಿತು. ಕೊನೆಗೆ ಅಂಚಿನ ಕೆಳಗೆ ಗುಂಡಿ ಮಾಡಿಕೊಂಡು ತನ್ನಷ್ಟಕ್ಕೆ ನುಸುಳಿ ಹೊರಗೆ ಬಂದು, ಅವಳ ಕಾಲ ಪಕ್ಕದಲ್ಲೇ ಹಾದು ರೊಪ್ಪಕ್ಕೆ ಹೋಯಿತು.

ಪುಟ್ಟತಾಯಮ್ಮನಿಗೆ ಏನೋ ಒಂದು ಬಗೆಯಾಯಿತು. "ನಾನು ಅನ್ನೋಳು ಇಲ್ಲಿವ್ನಿ ಅನ್ನೋದೇ ಇದ್ಕೆ ಗೊತ್ತಿಲ್ವಲ್ಲ" ಎಂದುಕೊಂಡಳು.

ಆ ಸಂಜೆಯೇ ಮರಿಯಯ್ಯ ಬಂದ. ಬಸ್ಸಿಳಿದು ನಡೆದು ಬಂದವನು ಕಾಲು ತೊಳೆಯುವ ಮೊದಲೇ ಮರಿಗಳ ಕಡೆ ನೋಡಿದ. ಮೂರನೆಯದನ್ನು ಕತ್ತು ಹಿಡಿದೆತ್ತಿ ಬೆಳಕಿಗೆ ತಿರುಗಿಸಿದ. ಅದರ ಪಾದ ನೋಡಿದ, ಕಣ್ಣು ನೋಡಿದ. ಅವನ ಮುಖ ಬಿಗಿಯಿತು.

"ಎಲ್ಲಿಂದ ಬಂತಮ್ಮಿ ಇದು?"

ಅವಳು ಹೇಳಿದಳು.

"ತೋಳದ ಮರಿ ಕಣಮ್ಮಿ ಇದು! ತೋಳಕ್ಕೆ ಆಲು ಕುಡಿಸ್ಕಂಡು ಕುಂತಿದ್ದೀಯಲ್ಲ, ನಿಂಗೇನ್ ಬಂದದೆ?"

ಮರಿಯಯ್ಯನ ಸಿಟ್ಟಿಗೆ ಕಾರಣವಿತ್ತು. ಹೋದ ವರ್ಷ ಇದೇ ಬಾರೆಯಲ್ಲಿ ತೋಳ ಬಿದ್ದು ಎರಡು ಕುರಿ ಹೊತ್ತುಕೊಂಡು ಹೋಗಿತ್ತು. ಅದರಲ್ಲೊಂದು, ಹುಟ್ಟಿದಾಗಲೇ ತಾಯಿ ಸತ್ತು ಪುಟ್ಟತಾಯಮ್ಮ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಆಗ ವಾರವೆಲ್ಲ ಊಟ ಬಿಟ್ಟವಳು ಅವಳೇ. ಅದನ್ನೇ ಅವನು ಎತ್ತಿ ಆಡಿದ. "ನಿನ್ ಕುರಿ ತಿಂದಿದ್ದು ಇದರವ್ವನೇ ಇರ್ಬೇಕು. ತಗಂಡೋಗಿ ಕೆರೆಗೆ ಆಕ್ಬುಟ್ಟು ಬತ್ತೀನಿ."

ಮರಿಯಯ್ಯ ಪುಟ್ಟತಾಯಮ್ಮನಿಗೆ ಸೋದರಮಾವನೇ ಆಗಬೇಕು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ಬಾಯಲ್ಲಿ 'ಮಾವ' ಎಂಬುದು ಹೋಗಿರಲಿಲ್ಲ.

"ಮಾವ, ಕೆಳಕ್ಕೆ ಬುಡು ಅದ್ನ. ಅದರವ್ವ ತಿಂದಿದ್ರೆ ಇದೇನ್ ಮಾಡ್ತದೆ? ಇದು ಕುಡಿದಿರೋದು ನಂ ಕೆಂಚಿ ಆಲು."

"ಆಲು ಕುಡಿದ್ಬುಟ್ರೆ ನಾಯಿ ಆಗ್ಬುಡ್ತದಾ?"

ಉತ್ತರ ಕೊಟ್ಟವಳು ಕೆಂಚಿ. ಮರಿಯಯ್ಯನ ಕಾಲ ಬಳಿ ಬಂದು ನಿಂತು, ಅವನ ಕೈಯಲ್ಲಿ ತೂಗುತ್ತಿದ್ದ ಮರಿಯನ್ನೂ ಅವನ ಮುಖವನ್ನೂ ನೋಡಿ, ಹುಬ್ಬೆತ್ತಿ, ಬಾಲ ಕೆಳಗೆ ಹಾಕಿ ಅಲ್ಲಾಡಿಸಿದಳು. ಮರಿಯಯ್ಯ ಗೊಣಗುತ್ತ ಮರಿಯನ್ನು ಕೆಳಗಿಟ್ಟ. ಕೆಂಚಿ ಅದನ್ನು ತಲೆಯಿಂದ ಬಾಲದವರೆಗೆ ನೆಕ್ಕಿದಳು.

ಹೊತ್ತು ಮುಳುಗುವ ಸಮಯ. ರೊಪ್ಪದೊಳಗಿನ ಕುರಿಗಳು ಇದ್ದಕ್ಕಿದ್ದಂತೆ ಒಂದೇ ಮೂಲೆಗೆ ಒತ್ತರಿಸಿ ನಿಂತವು. ಪುಟ್ಟತಾಯಮ್ಮ ಮೊರ ಹಿಡಿದು ಹಿತ್ತಲಿಗೆ ಬಂದವಳು ಎದುರು ಹೊಲದ ಕಡೆ ನೋಡಿದಳು. ಹೊಂಡದ ಮಣ್ಣು ಗುಡ್ಡೆಯಾಗಿ ಬಿದ್ದಿತ್ತಲ್ಲ, ಅದರ ಮೇಲೆ ಕೆಂಪು ಆಕಾಶಕ್ಕೆ ಎದುರಾಗಿ ಒಂದು ತೋಳ ನಿಂತಿತ್ತು. ಬಡಕಲು ಮೈ, ಉದ್ದ ಕಾಲು, ಹಾಲು ತುಂಬಿ ಜೋತ ಮೊಲೆಗಳು. ಅದು ರೊಪ್ಪದ ಕಡೆ ನೋಡುತ್ತಿರಲಿಲ್ಲ. ನೆಲ ಮೂಸುವುದು, ಕಲ್ಲು ಕೆದರುವುದು, ತಲೆ ಎತ್ತಿ ಮನೆಯ ಕಡೆ ನೋಡುವುದು. ಮತ್ತೆ ಮೂಸುವುದು. ಆಮೇಲೆ ಕತ್ತು ಮೇಲೆತ್ತಿ ಊಳಿಟ್ಟಿತು. ಒಳಗಿನಿಂದ ಆ ಪುಟ್ಟ ಗಂಟಲು, ಇಷ್ಟು ದಿನ ಒಮ್ಮೆಯೂ ಬೊಗಳದಿದ್ದ ಗಂಟಲು, ಊ ಎಂದು ಓಗೊಟ್ಟಿತು.

ಮರಿಯಯ್ಯ ಕುಡುಗೋಲು ಹಿಡಿದು ಹೊರಗೆ ಬಂದಿದ್ದ. ಪುಟ್ಟತಾಯಮ್ಮ ಅವನ ರಟ್ಟೆ ಹಿಡಿದಳು.

"ಕುರಿಗಲ್ಲ ಮಾವ ಅದು ಬಂದಿರೋದು. ನೋಡು ಅದರ ಮೊಲೆ ಎಂಗೆ ಬಿಗ್ದವೆ. ಮಗೀಗೆ ಬಂದದೆ."

ಅವನು ಕುಡುಗೋಲು ಕೆಳಗಿಳಿಸಿದ.

ಮರುದಿನ ಬೆಳಿಗ್ಗೆ ವಿಷಯ ಕೇಳಿ ಜಫರ್ ತಲೆ ಮೇಲೆ ಕೈ ಹೊತ್ತು ಕೂತ. "ನಾನು ತಂದು ನಿಮ್ ಮನೆಗೆ ಇಟ್ಬುಟ್ನಲ್ಲ ಅವ್ವಾ" ಎಂದ. ಆಮೇಲೆ ಏನೋ ನೆನಪಾಗಿ ಫೋನು ತೆಗೆದ. ತೋಳಗಳ ಬಗ್ಗೆ ಓದುತ್ತಿರುವ ಒಬ್ಬ ಹೆಣ್ಣುಮಗಳು ಈ ಸುತ್ತಿನ ಜೆಸಿಬಿಯವರಿಗೆಲ್ಲ ನಂಬರು ಕೊಟ್ಟು, ಕಲ್ಲುಗುಡ್ಡೆ ಕೆಡವುವಾಗ ಮರಿ ಕಂಡರೆ ದಯವಿಟ್ಟು ಹೇಳಿ ಎಂದಿದ್ದಳಂತೆ. ಬಿಸಿಲೇರುವ ಮೊದಲೇ ಅವಳು ನಾಗಮಂಗಲದಿಂದ ಬೈಕಿನಲ್ಲಿ ಬಂದಳು. ಹೆಸರು ಮೇಘನ. ಹಿಂದಿನ ಸೀಟಿನಲ್ಲಿ ಅರಣ್ಯ ಇಲಾಖೆಯ ಒಬ್ಬ ಗಾರ್ಡ್. ಪ್ಯಾಂಟು ಶರ್ಟು ತೊಟ್ಟವಳನ್ನು ಕಂಡು ಬೆಂಗಳೂರಿನವಳಿರಬೇಕೆಂದು ಮರಿಯಯ್ಯ ದೂರವೇ ನಿಂತಿದ್ದ. ಅವಳು ಹೇಮಗಿರಿ ಪಕ್ಕದ ಊರಿನ ರೈತರ ಮಗಳೆಂದು ತಿಳಿದ ಮೇಲೆ, ಅಪ್ಪನ ಹೆಸರು, ಮನೆತನ, ಹೊಳೆ ಬಯಲಲ್ಲಿ ಎಷ್ಟು ಗದ್ದೆ ಎಂಬುದೆಲ್ಲ ವಿಚಾರಿಸಿ, ತಾನೇ ಹೋಗಿ ಕಾಫಿಗೆ ಹೇಳಿ ಬಂದ.

ಮೇಘನ ಮೊದಲು ಕೇಳಿದ್ದು ಕೆಂಚಿಗೆ ಲಸಿಕೆ ಹಾಕಿಸಿದೆಯಾ ಎಂದು. ನಾಯಿಯ ಕಾಯಿಲೆ ತೋಳಕ್ಕೂ ತಗಲುತ್ತದೆ. ದೇವಲಾಪುರದ ದನದ ಡಾಕ್ಟರ ಬಳಿ ಎಲ್ಲ ಹಾಕಿಸಿದ್ದೇವೆಂದು ಕೇಳಿ ಅವಳ ಮುಖ ಅರಳಿತು. ಮರಿಯನ್ನು ಕೈಗೆತ್ತಿಕೊಂಡು ಹಲ್ಲು ನೋಡಿದಳು, ಹೊಟ್ಟೆ ಮುಟ್ಟಿದಳು.

"ಮಿಕ್ಕ ಮರಿಗಳನ್ನ ತಾಯಿ ಗೋಮಾಳದ ಬಂಡೆಗಳ ಕಡೆ ಸಾಗಿಸಿದೆ ದೊಡ್ಡವ್ವ, ಹೆಜ್ಜೆ ನೋಡ್ಕಂಡೇ ಬಂದೆ. ಇದೊಂದನ್ನ ಹೊತ್ಕಂಡು ಹೋಗೋಕೆ ಬರೋವಾಗ ಯಂತ್ರ ಬಂದ್ಬಿಟ್ಟಿದೆ. ನೆನ್ನೆ ತಾಯಿ ಹುಡುಕ್ಕಂಡು ಬಂದಿತ್ತು ಅಂದ್ರಲ್ಲ, ಅದೇ ನಮ್ಮ ಪುಣ್ಯ. ಇನ್ನೂ ಆಸೆ ಬಿಟ್ಟಿಲ್ಲ ಅದು. ನಾಳೆ ಬೆಳಗ್ಗೆ ತಿರುಗಿ ಸೇರಿಸೋಣ."

"ಸೇರಿಸ್ದೆ ಇಲ್ಲೇ ಸಾಕಿದ್ರೆ?" ಪುಟ್ಟತಾಯಮ್ಮನ ಬಾಯಿಂದ ಬಂದೇ ಬಿಟ್ಟಿತು.

"ಕಾನೂನು ಬಿಡಲ್ಲ. ಅದಿರ್ಲಿ, ಅದೇ ನಿಲ್ಲಲ್ಲ. ಇನ್ನೊಂದು ವರ್ಷಕ್ಕೆ ನಿಮ್ಮನ್ನ ಕಂಡ್ರೂ ಬೆದರಿ ಓಡುತ್ತೆ. ಪ್ರೀತಿಯಿಂದ ಸಾಕಿದ್ರೂ ತೋಳ ತೋಳವೇ."

"ಅಂಗಾರೆ ನಾಯಿ ಎಂಗೆ ನಾಯಿ ಆಯ್ತು?" ಎಂದ ಮರಿಯಯ್ಯ. ನಿನ್ನೆ ಹೆಂಡತಿಯನ್ನು ಕೇಳಿದ್ದ ಪ್ರಶ್ನೆಯೇ ಅವನನ್ನು ಕೊರೆಯುತ್ತಿತ್ತೇನೋ.

ಮೇಘನ ಕಾಫಿ ಲೋಟ ಕೆಳಗಿಟ್ಟಳು. "ಬೇಸಾಯ ಅನ್ನೋದೇ ಇಲ್ಲದಿದ್ದ ಕಾಲ ದೊಡ್ಡಪ್ಪ. ಕುರಿ ಇಲ್ಲ, ದನ ಇಲ್ಲ, ರಾಗಿ ಇಲ್ಲ. ಜನ ಬೇಟೆ ಆಡ್ಕಂಡು, ಗೆಡ್ಡೆ ಗೆಣಸು ಅಗೆದುಕೊಂಡು ತಿರುಗ್ತಿದ್ರು. ಅವ್ರು ಬಿಡಾರ ಹಾಕಿದ ಕಡೆ ಮೂಳೆ, ಚರ್ಮ ಬಿದ್ದಿರೋದು. ತೋಳಗಳಲ್ಲಿ ಹೆದರಿಕೆ ಕಮ್ಮಿ ಇದ್ದವು ಹತ್ರ ಬಂದ್ವು. ಹಲ್ಲು ತೋರಿಸಿದ್ದನ್ನ ಜನ ಓಡಿಸಿದ್ರು. ಸುಮ್ಮನೆ ಕೂತಿದ್ದನ್ನ ಇರ್ಲಿ ಅಂದ್ರು. ಅದರ ಮರಿಗಳು, ಆ ಮರಿಗಳ ಮರಿಗಳು, ಹಂಗೇ ಸಾವಿರಾರು ವರ್ಷ. ಹಿಂಗೇ ನಡೆದಿರ್ಬೇಕು ಅಂತಾರೆ. ಮನುಷ್ಯನ ಜೊತೆ ಬಂದ ಪ್ರಾಣಿಗಳಲ್ಲಿ ನಾಯಿನೇ ಮೊದಲು. ಕುರಿಗಿಂತ ಮೊದಲು, ಹಸುಗಿಂತ ಮೊದಲು."

"ನೋಡಿದವ್ರು ಯಾರು?"

"ಯಾರೂ ನೋಡಿಲ್ಲ. ಮೂಳೆ ನೋಡಿ, ರಕ್ತದೊಳಗಿನ ಗುರುತು ನೋಡಿ ಹೇಳ್ತಾರೆ. ಎಲ್ಲಾಯ್ತು, ಯಾವಾಗಾಯ್ತು ಅಂತ ಇನ್ನೂ ಜಗಳ ಆಡ್ತಾನೇ ಇದ್ದಾರೆ. ಹದಿನೈದು ಸಾವಿರ ವರ್ಷ ಅಂತೂ ಆಗಿದೆ, ಇನ್ನೂ ಜಾಸ್ತಿನೇ ಇರ್ಬೋದು."

"ಅಂಗಂದ್ರೆ ನಂ ಕೆಂಚಿ ಈ ಕಳ್ ತೋಳದ ಮೊಮ್ಮಗಳಾ?"

"ಅದೂ ಅಲ್ಲ. ಆ ಕಾಲದ ತೋಳದ ವಂಶ ಅಳಿದೇ ಹೋಯ್ತು. ಅದರಿಂದ ನಾಯಿ ಒಂದು ಕವಲು. ಈಗಿನ ತೋಳಗಳದು ಬೇರೆ ಕವಲು. ಹೋಗ್ತಾ ಹೋಗ್ತಾ ಹಿಂದಕ್ಕೆ ಹೋದ್ರೆ ಎಲ್ಲೋ ಒಂದು ಕಡೆ ಮೂಲ ಒಂದೇ."

"ದಾಯಾದಿಗಳು ಅನ್ನು" ಎಂದಳು ಪುಟ್ಟತಾಯಮ್ಮ. "ಒಂದೇ ಒಲೆಲಿ ಉಂಡವ್ರು, ಪಾಲಾದ್ರು."

"ಪಾಲಲ್ಲಿ ಒಬ್ರಿಗೆ ಅಟ್ಟಿ ಬಂತು, ಒಬ್ರಿಗೆ ಬಾರೆ ಬಂತು" ಎಂದ ಮರಿಯಯ್ಯ. ಅವನ ದನಿಯಲ್ಲಿ ನಿನ್ನೆಯ ಬಿಸಿ ಇರಲಿಲ್ಲ. ಅವನಿಗೂ ಅಣ್ಣ ತಮ್ಮಂದಿರ ಜೊತೆ ಪಾಲಾಗಿ ಈ ಬಾರೆಯೇ ಬಂದಿತ್ತು.

ಮೇಘನ ನಕ್ಕಳು. ಮುದ್ದೆ ಇದಕ್ಕೇಕೆ ಒಗ್ಗಲಿಲ್ಲವೆಂದು ಪುಟ್ಟತಾಯಮ್ಮ ಕೇಳಿದ್ದಕ್ಕೆ, ನಾವು ದವಸ ಬೆಳೆದು ತಿನ್ನತೊಡಗಿದ ಮೇಲೆ ನಾಯಿಯ ಹೊಟ್ಟೆಯೂ ನಮ್ಮ ಅನ್ನಕ್ಕೆ ಹೊಂದಿಕೊಂಡಿತೆಂದೂ ತೋಳದ ಹೊಟ್ಟೆಗೆ ಆ ಅಭ್ಯಾಸವಾಗಲಿಲ್ಲವೆಂದೂ ಹೇಳಿದಳು. ಮಂಕರಿಯ ವಿಷಯ ಕೇಳಿ, "ಅದೇ ದೊಡ್ಡವ್ವ, ಅದೇ" ಎಂದು ಹಿಗ್ಗಿದಳು. ತನ್ನ ಕೈಲಾಗದಿದ್ದರೆ ನಾಯಿ ಮನುಷ್ಯನ ಮುಖ ನೋಡುತ್ತದೆ. ತೋಳಕ್ಕೆ ಹಾಗೆ ನೋಡಬೇಕೆನ್ನಿಸುವುದಿಲ್ಲ. ಹುಬ್ಬು ಎತ್ತಿ ಬೇಡುವ ಆ ನೋಟಕ್ಕೆ ನಾಯಿಯ ಕಣ್ಣಿನ ಮೇಲೆ ಒಂದು ಸಣ್ಣ ಮಾಂಸದ ಎಳೆಯೇ ಬೆಳೆದಿದೆಯಂತೆ. ತೋಳಕ್ಕೆ ಅದು ನೆಟ್ಟಗೆ ಇಲ್ಲವೇ ಇಲ್ಲವಂತೆ.

"ಇನ್ನೊಂದು ಹೇಳ್ತೀನಿ ಕೇಳಿ. ದೂರದ ಯಾವುದೋ ದೇಶದಲ್ಲಿ ನೆಲ ಅಗೆದಾಗ ಒಂದು ಗೋರಿ ಸಿಕ್ತು. ಬೇಟೆ ಆಡ್ಕಂಡಿದ್ದ ಕಾಲದ್ದೇ. ಒಂದು ಗಂಡಸು, ಒಂದು ಹೆಂಗಸು, ಅವರ ಜೊತೇಲಿ ಒಂದು ನಾಯಿಮರಿ. ಅದರ ಹಲ್ಲು ನೋಡಿ ಕಂಡುಹಿಡಿದ್ರು, ಮರಿಗೆ ಜೋರು ಕಾಯಿಲೆ ಆಗಿತ್ತು ಅಂತ. ಯಾರೂ ನೋಡ್ಕೊಳ್ಳದಿದ್ರೆ ಸತ್ತೇ ಹೋಗ್ಬೇಕಿತ್ತು. ಆದ್ರೆ ವಾರಗಟ್ಲೆ ಬದುಕಿತ್ತು. ಯಾರೋ ನೀರು ಕುಡಿಸಿದ್ದಾರೆ, ಒರೆಸಿದ್ದಾರೆ, ಬೆಚ್ಚಗೆ ಇಟ್ಟಿದ್ದಾರೆ. ಬೇಟೆಗೆ ಬರೋ ನಾಯಿ ಅಲ್ಲ ಅದು, ಕಾವಲಿಗೂ ಬಾರದ ರೋಗದ ಮರಿ."

ಪುಟ್ಟತಾಯಮ್ಮ ಆ ಹೆಂಗಸನ್ನು ಕಣ್ಮುಂದೆ ತಂದುಕೊಂಡಳು. ಸೀರೆ ಇಲ್ಲ, ಮನೆ ಇಲ್ಲ, ಮಡಕೆ ಸಹ ಇದ್ದಿರಲಾರದು. ಮಡಿಲಲ್ಲಿ ಮಾತ್ರ ಒಂದು ಮರಿ. ಯಾವ ದೇಶದವಳೋ, ಯಾವ ಮಾತಾಡುತ್ತಿದ್ದಳೋ. ಆ ತಾಯಿ ಅಂದು ಮರಿಯನ್ನು ಆಚೆಗೆಸೆದಿದ್ದರೆ, ಅವಳಂಥ ಇನ್ನೆಷ್ಟೋ ತಾಯಂದಿರು ಎಸೆದಿದ್ದರೆ, ಇವತ್ತು ತನ್ನ ಕಾಲ ಬಳಿ ಕೆಂಚಿ ಇರುತ್ತಿರಲಿಲ್ಲ. ಅವಳು ಯಾರಿಗೂ ಕಾಣದಂತೆ ಸೆರಗಿನ ಮರೆಯಲ್ಲಿ ಒಮ್ಮೆ ಕೈ ಮುಗಿದಳು.

ಮರುದಿನ ನಸುಕು ಹರಿಯುವ ಹೊತ್ತಿಗೆ ಎಲ್ಲರೂ ಎದ್ದರು. ಮೇಘನ ಹಿಂದಿನ ದಿನವೇ ಕಲ್ಲುಗುಡ್ಡೆಯಲ್ಲಿ ತೋಳ ಮೊದಲಿದ್ದ ಗುಹೆಯ ಮಣ್ಣು ತಂದಿಟ್ಟಿದ್ದಳು. ಮನುಷ್ಯರ, ನಾಯಿಯ ವಾಸನೆ ಅಡಗಲೆಂದು ಅದನ್ನು ಮರಿಯ ಮೈಗೆ ಸವರಿದಳು. ಕೆಂಚಿಯನ್ನು ಕೊಟ್ಟಿಗೆಯಲ್ಲಿ ಅವಳ ಮರಿಗಳ ಜೊತೆ ಕಟ್ಟಿದರು. ಕುರಿಗಳ ಕಾವಲಿಗೆ ಮರಿಯಯ್ಯ ನಿಂತ. ಮೇಘನ, ಗಾರ್ಡ್, ಜಫರ್ ಮತ್ತು ಪುಟ್ಟತಾಯಮ್ಮ ಗೋಮಾಳದ ಬಂಡೆಗಳ ಕಡೆ ನಡೆದರು. ಒಂದು ಬಂಡೆಯ ಬುಡದಲ್ಲಿ ಮಂಕರಿಯನ್ನು ಅಡ್ಡ ಮಲಗಿಸಿ ಮರಿಯನ್ನು ಒಳಗೆ ಬಿಟ್ಟು, ಗಾಳಿ ತಮ್ಮ ಕಡೆಗೆ ಬೀಸುವಂತೆ ನೋಡಿಕೊಂಡು ಹೊಂಗೆ ಗಿಡಗಳ ಹಿಂದೆ ಕುಕ್ಕರಗಾಲಲ್ಲಿ ಕೂತರು.

ಬೆಳಕು ಬಂತು. ಕೌಜುಗ ಕೂಗಿತು. ಮರಿ ಮಂಕರಿಯಿಂದ ಹೊರಗೆ ಬಂದು ಒಮ್ಮೆ ಊ ಎಂದಿತು.

ತಾಯಿ ಯಾವಾಗ ಬಂದಿತೋ ಯಾರಿಗೂ ತಿಳಿಯಲಿಲ್ಲ. ನೋಡುವಾಗ ಬಂಡೆಯ ಪಕ್ಕ ಬರೀ ಒಣಹುಲ್ಲಿತ್ತು, ಮತ್ತೆ ನೋಡುವಾಗ ಹುಲ್ಲಿನ ಬಣ್ಣದ್ದೇ ಒಂದು ತೋಳ ನಿಂತಿತ್ತು. ಅದು ಒಂದು ಹೆಜ್ಜೆ ಮುಂದಿಟ್ಟಿತು, ನಿಂತಿತು, ಮತ್ತೊಂದು ಹೆಜ್ಜೆ ಇಟ್ಟಿತು.

ಅಷ್ಟರಲ್ಲಿ ಹಿಂದಿನಿಂದ ದಡದಡ ಸದ್ದು. ಕತ್ತಿನಲ್ಲಿ ತುಂಡು ಹಗ್ಗ ಎಳೆದುಕೊಂಡು ಕೆಂಚಿ ಅವರೆಲ್ಲರನ್ನೂ ದಾಟಿ ಓಡಿ ಹೋಗಿ ಮರಿಯ ಮುಂದೆ ನಿಂತುಬಿಟ್ಟಳು.

ಎರಡು ತಾಯಂದಿರು ಎದುರುಬದುರಾದರು. ಕೆಂಚಿಯ ಹಲ್ಲು ಕಾಣುತ್ತಿತ್ತು. ತೋಳ ಬೊಗಳಲಿಲ್ಲ, ಗುರ್ ಎನ್ನಲಿಲ್ಲ, ತಲೆ ಮಾತ್ರ ತಗ್ಗಿಸಿತು. ಆ ತಗ್ಗಿಸಿದ ತಲೆಯೇ ಹೆದರಿಕೆ ಹುಟ್ಟಿಸುವಂತಿತ್ತು. ಅದು ಒಂದು ಸಲ ಹಾರಿದರೆ ಕೆಂಚಿ ಉಳಿಯುತ್ತಿರಲಿಲ್ಲ. ಗಾರ್ಡ್ ಕೋಲಿಗೆ ಕೈ ಹಾಕಿದ. ಮೇಘನ ಅವನ ಕೈ ಒತ್ತಿ ಹಿಡಿದು, "ಅಲ್ಲಾಡ್ಬೇಡಿ, ತಾಯಿ ಓಡಿಹೋದ್ರೆ ತಿರುಗಿ ಬರಲ್ಲ" ಎಂದು ಪಿಸುಗುಟ್ಟಿದಳು. ಜಫರ್ ಕಣ್ಣು ಮುಚ್ಚಿ ಏನೋ ದುವಾ ಹೇಳುತ್ತಿದ್ದ.

ಪುಟ್ಟತಾಯಮ್ಮ ಎದ್ದು ನಿಂತಳು. ಏನು ಹೇಳಬೇಕೆಂದು ಯೋಚಿಸಿದವಳಲ್ಲ. ಸಂಜೆ ಕುರಿ ತಿರುಗಿಸಿಕೊಂಡು ಬರುವಾಗ ಕರೆಯುವ ದನಿಯಲ್ಲೇ, ಗಟ್ಟಿಯಾಗೂ ಅಲ್ಲ, ಮೆಲ್ಲಗೂ ಅಲ್ಲ, ಕರೆದಳು.

"ಕೆಂಚೀ, ಬಾರವ್ವ. ಸಾಕು, ಬಾ. ಅದು ಅವಳ ಕೂಸು."

ಕೆಂಚಿಯ ಕಿವಿ ಹಿಂದಕ್ಕೆ ಹೊರಳಿತು. ತೋಳವನ್ನು ನೋಡಿದಳು. ಕಾಲ ಬಳಿಯ ಮರಿಯನ್ನು ನೋಡಿದಳು. ಆಮೇಲೆ, ತೋಳ ಅಷ್ಟು ಹತ್ತಿರ ನಿಂತಿರುವಾಗಲೇ, ಅದಕ್ಕೆ ಬೆನ್ನು ತಿರುಗಿಸಿ ಪುಟ್ಟತಾಯಮ್ಮನ ಮುಖ ನೋಡಿದಳು.

"ಬಾ ತಾಯಿ."

ಕೆಂಚಿ ಬಂದಳು. ತಲೆ ತಗ್ಗಿಸಿ, ಹಗ್ಗ ಎಳೆಯುತ್ತ, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬಂದಳು. ಅವಳು ಬಂದು ಕಾಲಿಗೆ ಒರಗಿದಾಗ ಅವಳ ಮೈಯೆಲ್ಲ ನಡುಗುತ್ತಿತ್ತು. ಪುಟ್ಟತಾಯಮ್ಮ ಕೆಳಗೆ ಕೂತು ಅವಳನ್ನು ತಬ್ಬಿಕೊಂಡಳು. ಅತ್ತ ತೋಳ ಮರಿಯನ್ನು ಮೂಸಿತು, ಉರುಳಿಸಿತು, ಮತ್ತೆ ಮೂಸಿತು. ಬಲವಾಗಿ ಒಮ್ಮೆ ನೆಕ್ಕಿತು. ಆಮೇಲೆ ಕತ್ತಿನ ಬಳಿ ಕಚ್ಚಿ ಎತ್ತಿಕೊಂಡು ಬಂಡೆಗಳ ನಡುವೆ ಮರೆಯಾಯಿತು. ಮೇಘನಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಅವಳು ಹೋಗಲಿಲ್ಲ.

"ನಾನು ಕರ್ದಿದ್ದಕ್ಕೆ ಬಂದ್ಬುಟ್ಳು ನೋಡವ್ವ" ಎಂದಳು ಪುಟ್ಟತಾಯಮ್ಮ. "ಆಲು ಕುಡಿಸಿದ ಕೂಸ್ನ ಬುಟ್ಟು ಬಂದ್ಬುಟ್ಳು. ನಾನೇನು ಎತ್ತವಳಾ ಅವಳ್ನ?"

ಮೇಘನ ಬಗ್ಗಿ ಕೆಂಚಿಯ ಕತ್ತಿನ ತುಂಡು ಹಗ್ಗ ಬಿಚ್ಚಿದಳು.

ಕೆಂಚಿ ಆ ದಿನ ಏನೂ ತಿನ್ನಲಿಲ್ಲ, ಮರುದಿನವೂ ತಿನ್ನಲಿಲ್ಲ. ತನ್ನ ಮರಿಗಳಿಗೆ ಹಾಲು ಕೊಡುತ್ತಿದ್ದಳು, ಅಷ್ಟೇ. ಉಳಿದ ಹೊತ್ತೆಲ್ಲ ಹಿತ್ತಲ ಬಾಗಿಲಲ್ಲಿ ಮಲಗಿ ಗೋಮಾಳದ ಕಡೆ ನೋಡುತ್ತಿದ್ದಳು. ಪುಟ್ಟತಾಯಮ್ಮನಿಗೆ ಒಳಗೊಳಗೇ ತಪ್ಪು ಮಾಡಿದಂತೆ ಸಂಕಟ. ಮರಿಯಯ್ಯ ಯಾರಿಗೂ ಹೇಳದೆ ದೇವಲಾಪುರಕ್ಕೆ ಹೋಗಿ ಕಾಲುಮೂಳೆ ತಂದ. ತಾನೇ ಒಲೆ ಹಚ್ಚಿ ಬೇಯಿಸಿ, ಆರಿಸಿ, ಕೆಂಚಿಯ ಮುಂದೆ ಕೂತು ಕೈಯಲ್ಲಿ ಹಿಡಿದ. ಅವಳು ಮೂಸಿ, ಅವನ ಕೈ ನೆಕ್ಕಿ, ಮೂತಿಯನ್ನು ಮತ್ತೆ ನೆಲಕ್ಕಿಟ್ಟಳು. ಅವನು ಅಲ್ಲಿಂದೆದ್ದು ಹೋಗಿ ರೊಪ್ಪದ ಬೇಲಿಗೆ ಜಾಲಿಮುಳ್ಳು ತುಂಬತೊಡಗಿದ. ಎದೆಮಟ್ಟ ಇದ್ದ ಬೇಲಿ ಸಂಜೆಗೆ ಆಳೆತ್ತರವಾಗಿತ್ತು. "ಅವೂ ಬದುಕ್ಬೇಕು, ನಾವೂ ಬದುಕ್ಬೇಕು. ಬೇಲಿ ಭದ್ರ ಇದ್ರೆ ಜಗಳ ಯಾಕೆ?" ಎಂದನಷ್ಟೆ.

ಹೊಂಡದ ಕೆಲಸ ಮುಗಿಸಿ ಜಫರ್ ಹೊರಡುವ ದಿನ, ಕೆಂಚಿಯ ಒಂದು ಮರಿ ದೊಡ್ಡದಾದ ಮೇಲೆ ತನಗೆ ಬೇಕೆಂದು ಕೇಳಿದ. "ಅಮ್ಮಿನ ಫೋನಲ್ಲಿ ಕೇಳ್ದೆ. ಮನೆಯೊಳಗೆ ಬೇಡ, ಗಾಡಿ ನಿಲ್ಸೋ ಶೆಡ್ಡಲ್ಲಿ ಕಾವಲಿಗೆ ಇರ್ಲಿ, ಒಟ್ಟೆ ತುಂಬ ಆಕು, ಒಡೀಬ್ಯಾಡ ಅಂತ ಏಳ್ತು." ಅವನ ತಾಯಿ ತಾಜ್ ಬೀಯನ್ನು ಪುಟ್ಟತಾಯಮ್ಮ ನೋಡಿರಲಿಲ್ಲ. ಆದರೂ ಆ ಮಾತು ಕೇಳಿ, ಒಳ್ಳೆಯ ಮನೆಗೇ ಹೋಗುತ್ತದೆ ಬಿಡು ಎಂದುಕೊಂಡಳು.

ಮರುದಿನ ಬೆಳಿಗ್ಗೆ ಪುಟ್ಟತಾಯಮ್ಮ ರೊಪ್ಪದ ಬಾಗಿಲು ತೆಗೆದು ಕುರಿಗಳನ್ನು ಹೊರಗೆ ಬಿಟ್ಟಳು. ಕೆಂಚಿಯನ್ನು ಕರೆಯಬಾರದೆಂದು ನಿರ್ಧರಿಸಿದ್ದಳು. ಇಷ್ಟು ದಿನ ದುಡಿದಿದ್ದಾಳೆ, ಮನಸ್ಸು ತಿಳಿಯಾಗುವವರೆಗೆ ಮಲಗಿರಲಿ. ಕುರಿಗಳು ಬಾರೆ ಹತ್ತಿ ಹುರುಳಿ ಕಿತ್ತ ಹೊಲದ ಕಡೆ ತಿರುಗಿದವು. ಎಡಗಡೆಯ ಒಂದೆರಡು ಕುರಿ ಎಂದಿನಂತೆ ಲೋಕೇಶನ ತೊಗರಿಗೆ ನುಗ್ಗಲು ಹೊರಟವು. ಅವಳು "ಹೇಯ್" ಎಂದು ಕೋಲೆತ್ತುವ ಮೊದಲೇ ಅವುಗಳಿಗೆ ಅಡ್ಡಲಾಗಿ ಒಂದು ಕೆಂಚುಮೈ ಹಾದುಹೋಯಿತು.

ಕೆಂಚಿ ಕುರಿಗಳನ್ನು ದಾರಿಗೆ ತಂದು, ಅವಳ ಪಕ್ಕಕ್ಕೆ ಬಂದು, ಮುಖ ನೋಡಿ, ಬಾಲ ಆಡಿಸಿದಳು.

ಪುಟ್ಟತಾಯಮ್ಮನಿಗೆ ಏನೇನೋ ಹೇಳಬೇಕೆನ್ನಿಸಿತು. ನಮ್ಮ ಕಡೆ ಮನೆಯವರಿಗೆ ಯಾರೂ ಉಪಕಾರವಾಯಿತು ಅನ್ನುವುದಿಲ್ಲ. ಅವಳು ಬಗ್ಗಿ ಕೆಂಚಿಯ ಕಿವಿಯ ಹಿಂದಿದ್ದ ಒಂದು ಉಣ್ಣೆಹುಳ ಕಿತ್ತು ಕಲ್ಲಿಗೆ ಉಜ್ಜಿದಳು, ಅದು ಕಚ್ಚಿದ್ದ ಜಾಗವನ್ನು ಬೆರಳಲ್ಲಿ ತಿಕ್ಕಿದಳು. ಕೆಂಚಿ ಕಣ್ಣು ಮುಚ್ಚಿ ನಿಂತಳು.

"ನಡಿಯವ್ವ, ಬಿಸ್ಲಾಯ್ತದೆ" ಎಂದಳು ಪುಟ್ಟತಾಯಮ್ಮ. ಇಬ್ಬರೂ ಕುರಿಗಳ ಹಿಂದೆ ಹೊರಟರು.